ಅರ್ಚಿತಾ ಯಾವ ಕಾಲೇಜಿಗೆ ಹೋದಳು

ಈ ಪ್ರತಿಭಾ ಪುರಸ್ಕಾರ ಸಭೆಯ ಅಧ್ಯಕ್ಷರಾದ ಶ್ರೀ ತೀರ್ಥೇಶ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ನನ್ನ ಜೊತೆ ಪಾಠ ಮಾಡುವ ಶಿಕ್ಷಕ ಬಂಧುಗಳೇ, ಮುಂದಿನ ಸಾಲಿನಲ್ಲಿ ಹೊಸ ಬಟ್ಟೆ ತೊಟ್ಟು ಈ ಭಾಷಣಗಳು ಯಾವಾಗ ಮುಗಿದು ಊಟಕ್ಕೆ ಬಿಡುತ್ತಾರೋ ಎಂದು ಕಾಯುತ್ತಿರುವ ಇವತ್ತಿನ ನಿಜವಾದ ಮುಖ್ಯ ಅತಿಥಿಗಳೇ, ಅವರ ಹಿಂದೆ ಅವರಿಗಿಂತ ಹೆಚ್ಚು ಬೆವರುತ್ತಾ ಕೂತಿರುವ ತಂದೆತಾಯಿಗಳೇ, ಸಭಿಕರೇ.

ಎಸ್ಸೆಸ್ಸೆಲ್ಸಿ ಆದ ಮೇಲೆ ಯಾವ ಕೋರ್ಸು, ಯಾವ ಕಾಲೇಜು ಎಂಬ ವಿಷಯದ ಮೇಲೆ ಮಾತನಾಡಬೇಕೆಂದು ನನಗೆ ಹೇಳಿದ್ದಾರೆ. ತೀರ್ಥೇಶ್ ಅವರು ಫೋನಿನಲ್ಲಿ, "ನೀವೇ ಸರಿ ಮೇಡಂ. ನೀವು ಟೀಚರ್ರೂ ಹೌದು, ಟಾಪರ್ ತಾಯಿನೂ ಹೌದು, ಒಬ್ರಿಗೆ ಹೇಳಿದ್ರೆ ಇಬ್ರು ಬಂದಂಗೆ" ಅಂದರು. ಒಂದು ಶಾಲಿನಲ್ಲಿ ಎರಡು ಸನ್ಮಾನ ಮುಗಿಸುವ ಜಾಣತನ ಅವರದು.

ನನ್ನ ಹೆಸರು ವಾಗ್ದೇವಿ. ಇದೇ ಶಿಕಾರಿಪುರದಲ್ಲಿ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಎರಡು ವರ್ಷದ ಹಿಂದೆ ಇಂಥದೇ ಸಭೆಯಲ್ಲಿ ನನ್ನ ಇಬ್ಬರು ವಿದ್ಯಾರ್ಥಿನಿಯರು ಫಲಕ ತೆಗೆದುಕೊಂಡರು. ಒಬ್ಬಳು ಸಂಗೀತ, ಅಂಬ್ಲಿಗೊಳದ ಕಡೆಯವಳು, ಕುರಿ ಸಾಕುವ ಮಾಳೇಶ ಮತ್ತು ಹನುಮಮ್ಮ ಅವರ ಮಗಳು. ಇನ್ನೊಬ್ಬಳು ಅರ್ಚಿತಾ, ನನ್ನ ಮಗಳು. ಒಂದೇ ಬೆಂಚಿನಲ್ಲಿ ಕೂತವರು, ಒಂದೇ ಡಬ್ಬಿಯಲ್ಲಿ ಉಂಡವರು. ಅಂಕದಲ್ಲೂ ಇಬ್ಬರ ನಡುವೆ ಕೂದಲೆಳೆಯ ಅಂತರ. ಆ ಅಂತರದಲ್ಲಿ ಮುಂದಿದ್ದವಳು ಸಂಗೀತ. ಇದನ್ನು ನಾನು ಆಗ ಯಾರಿಗೂ ಹೇಳುತ್ತಿರಲಿಲ್ಲ.

ಆ ಬೇಸಿಗೆ ನಮ್ಮ ಮನೆಯಲ್ಲಿ ಊಟಕ್ಕೆ ಕೂತರೂ ಕಾಲೇಜು, ಎದ್ದರೂ ಕಾಲೇಜು. ನಮ್ಮ ಮನೆಯವರು ಕಮಲಾಕರ, ವಕೀಲರು. ಅವರು ವಾದಿಯ ಪರವಾಗಿಯೂ ಪ್ರತಿವಾದಿಯ ಪರವಾಗಿಯೂ ತಾವೇ ವಾದಿಸುತ್ತಿದ್ದರು. ಮೊದಲನೆಯದು, ನಮ್ಮೂರಿನ ಸರ್ಕಾರಿ ಪದವಿಪೂರ್ವ ಕಾಲೇಜು: ಮನೆಯ ಅನ್ನ, ಗೊತ್ತಿರುವ ಮೇಷ್ಟ್ರು. ಎರಡನೆಯದು, ದಿನಾ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗಿ ಖಾಸಗಿ ಕಾಲೇಜು, ಸಂಜೆ ಸಿಇಟಿ ಕೋಚಿಂಗು. ಮೂರನೆಯದು, ಹೊನ್ನಾಳಿ ದಾಟಿ ದಾವಣಗೆರೆ ಕಡೆಗೆ ಹೋದರೆ ಸಿಗುವ ಒಂದು ವಸತಿ ಕಾಲೇಜು. ಹೆಸರು ಬೇಡ. ಅಲ್ಲಿ ಸಿಬಿಎಸ್‌ಇ ಸಿಲಬಸ್, ಅದರ ಜೊತೆಗೇ ನೀಟ್ ತರಬೇತಿ, ಎಲ್ಲ ಸೇರಿಸಿ 'ಇಂಟಿಗ್ರೇಟೆಡ್' ಎನ್ನುತ್ತಾರೆ. ಕನ್ನಡ ಟೀಚರಾದ ನನಗೂ ಆ ಪದಕ್ಕೆ ಸರಿಯಾದ ಕನ್ನಡ ಸಿಕ್ಕಿರಲಿಲ್ಲ. ಸಿಗದ ಪದದ ಮೇಲೆ ಭಕ್ತಿ ಜಾಸ್ತಿ ಅಲ್ಲವೇ?

ತಿಳಿದವರನ್ನು ಕೇಳಿದೆವು. ಒಬ್ಬರು, "ಸಿಇಟಿ ಬರೆದು ಎಂಜಿನಿಯರಿಂಗಿಗೆ ಹೋಗೋದಾದ್ರೆ ಪಿಯು ಅಂಕಾನೂ ಲೆಕ್ಕಕ್ಕೆ ಬರುತ್ತೆ, ಸ್ಟೇಟ್ ಸಿಲಬಸ್ಸೇ ಸಾಕು" ಅಂದರು. ಇನ್ನೊಬ್ಬರು, "ಡಾಕ್ಟರ್ ಆಗ್ಬೇಕಂದ್ರೆ ನೀಟ್ ಒಂದೇ ದಾರಿ, ಈಗಿಂದ ತಿಕ್ಕದಿದ್ರೆ ಆಗಲ್ಲ" ಅಂದರು. ಸರ್ಕಾರಿ ಕಾಲೇಜಿನ ಜೀವಶಾಸ್ತ್ರದ ಲೆಕ್ಚರರ್ ನೀಲಾಂಬಿಕ ಮಾತ್ರ, "ಪುಸ್ತಕ ಎರಡು ಕಡೇನೂ ಹೆಚ್ಚುಕಮ್ಮಿ ಅದೇ ಕಣ್ರೀ ವಾಗ್ದೇವಿ. ಹುಡುಗಿ ಏನಂತಾಳೆ?" ಎಂದು ಕೇಳಿದರು. ಹುಡುಗಿಯನ್ನು ಕೇಳಿದೆವು. "ನಿಮಗೆ ಯಾವ್ದು ಸರಿ ಅನ್ಸುತ್ತೋ ಅದು" ಅಂದಳು. ಎಂಥ ಒಳ್ಳೆಯ ಮಗಳು ಎಂದು ನಾವು ಹಿಗ್ಗಿದೆವು.

ಇಲ್ಲಿ ನಾನು ಒಂದು ಮಾತು ಹೇಳಬೇಕು, ವಿಷಯಕ್ಕೆ ಅಷ್ಟು ಸಂಬಂಧವಿಲ್ಲ. ನನ್ನ ತವರು ಸೊರಬ. ನಾನು ಹತ್ತನೆಯ ತರಗತಿ ಪಾಸಾದಾಗ ನನಗೆ ವಿಜ್ಞಾನ ಬೇಕಿತ್ತು. ನಮ್ಮ ಅಪ್ಪ ಚಿದಂಬರ ಭಟ್ಟರು ಬಹಳ ಒಳ್ಳೆಯ ಮನುಷ್ಯ, ಯಾರೊಂದಿಗೂ ಗಟ್ಟಿಯಾಗಿ ಮಾತಾಡಿದವರಲ್ಲ. ಮೆತ್ತಗೆ, "ಹೆಣ್ಣುಮಗಳಿಗೆ ಸೈನ್ಸು ಯಾಕೆ ಪುಟ್ಟಿ, ಕಪ್ಪೆ ಕೊಯ್ಯಕ್ಕಾ?" ಅಂದರು. ಮನೆಯವರೆಲ್ಲ ನಕ್ಕರು. ನಾನೂ ನಕ್ಕೆ. ಮರುದಿನ ಕಲಾ ವಿಭಾಗಕ್ಕೆ ಸೇರಿಸಿ ಬಂದರು. ನನಗೆ ಅದರ ಬಗ್ಗೆ ಬೇಸರವೇನೂ ಇಲ್ಲ. ಕನ್ನಡ ನನಗೆ ಅನ್ನ ಕೊಟ್ಟಿದೆ. ಆದರೆ ಆ ವರ್ಷ ಪಕ್ಕದ ಕೊಠಡಿಯಲ್ಲಿ ವಿಜ್ಞಾನದ ಹುಡುಗರು ಕಪ್ಪೆ ಕೊಯ್ಯುತ್ತಿದ್ದಾಗ ನಾನು ಕಿಟಕಿಯ ಹತ್ತಿರ ನಿಂತಿದ್ದೆ. ಆ ವಾಸನೆ ಈಗಲೂ ಮೂಗಿನಲ್ಲಿದೆ. ಕಪ್ಪೆಯ ಗುಂಡಿಗೆ ಹೊರಗೆ ತೆಗೆದ ಮೇಲೂ ಸ್ವಲ್ಪ ಹೊತ್ತು ಬಡಿಯುತ್ತದೆ ಎಂದು ಕೇಳಿದ್ದೆ. ನೋಡಲು ಆಗಲಿಲ್ಲ. ಇರಲಿ. ಬೇಸರವಿಲ್ಲ ಎಂದೆನಲ್ಲ.

ಸಂಗೀತಳಿಗೆ ಆ ವಸತಿ ಕಾಲೇಜಿನವರು ತಾವಾಗಿಯೇ ಫೋನ್ ಮಾಡಿ, ಪುಕ್ಕಟೆ ಸೀಟು, ಊಟ ವಸತಿ ಎಲ್ಲ ನಮ್ಮದೇ ಅಂದರು. ಹಾಗಾಗಿ ಎರಡೂ ಮನೆಯವರು ಒಟ್ಟಿಗೆ ನೋಡಲು ಹೋದೆವು. ದೊಡ್ಡ ಕಟ್ಟಡ. ಗೋಡೆಯ ತುಂಬಾ ರ‍್ಯಾಂಕ್ ಬಂದವರ ಫೋಟೊ. ನೆಲ ಎಷ್ಟು ನುಣುಪು ಎಂದರೆ ಮಾಳೇಶಣ್ಣ ಚಪ್ಪಲಿ ಹೊರಗೆ ಬಿಟ್ಟು ಬಂದರು. ಸಂಗೀತ ಕಾರಿಡಾರಿನಲ್ಲಿ ಸಿಕ್ಕ ಹುಡುಗಿಯೊಬ್ಬಳನ್ನು, "ಅಕ್ಕಾ, ಇಲ್ಲಿ ಊಟ ಹೆಂಗಿರುತ್ತೆ?" ಎಂದು ಕೇಳಿದಳು. ಆ ಹುಡುಗಿ ವಾರ್ಡನ್ ಮುಖ ನೋಡಿದಳು. ಆಮೇಲೆ, "ಚೆನ್ನಾಗಿರುತ್ತೆ" ಅಂದಳು. ನಾನು ಅದನ್ನು ಶಿಸ್ತು ಎಂದುಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾಳೇಶಣ್ಣ ಮಗಳನ್ನು ಕೇಳಿದರು, "ಏನ್ ಮಾಡ್ತೀಯವ್ವ?"

"ಬ್ಯಾಡಪ್ಪ."

"ಬ್ಯಾಡಂದ್ರೆ ಬ್ಯಾಡ ಬಿಡು."

ಅಷ್ಟೇ. ಸಭಿಕರೇ, ನಾನು ಬಸ್ಸಿನಲ್ಲಿ ಎದ್ದು ನಿಂತುಬಿಟ್ಟೆ. ಪುಕ್ಕಟೆ ಸೀಟು! ತಾನಾಗಿ ಮನೆಗೆ ಬಂದ ಲಕ್ಷ್ಮಿ! ಯಾಕೆ ಬೇಡ ಎಂದು ಕೂಡ ಕೇಳದ ಅಪ್ಪ ಇರುತ್ತಾನಾ? "ಮಾಳೇಶಣ್ಣ, ಮಕ್ಕಳಿಗೆ ಏನು ಗೊತ್ತಾಗುತ್ತೆ? ನೀವಾದ್ರೂ ಹೇಳ್ಬಾರ್ದಾ?" ಎಂದೆ. ಅವರು, "ಅಲ್ಲಿ ಇರಾಕಿ ಅವಳಲ್ಲೇನ್ರೀ ಮೇಡಮ್ಮೋರೆ" ಅಂದರು. ಸಂಗೀತ ಇಲ್ಲಿನ ಸರ್ಕಾರಿ ಕಾಲೇಜಿಗೆ ಸೇರಿದಳು. ಅರ್ಚಿತಾ ಆ ವಸತಿ ಕಾಲೇಜಿಗೆ.

ಮೊದಲು ಎಲ್ಲ ಚೆನ್ನಾಗಿಯೇ ಇತ್ತು. ಭಾನುವಾರ ಐದು ನಿಮಿಷ ಫೋನು. "ಊಟ ಆಯ್ತಾ?" "ಆಯ್ತು." "ಟೆಸ್ಟ್ ಹೆಂಗಾಯ್ತು?" "ಆಯ್ತು." ಮಳೆಗಾಲ ಮುಗಿಯುವ ಹೊತ್ತಿಗೆ ಪಾಲಕರನ್ನು ಕರೆದರು. ನಾನೊಬ್ಬಳೇ ಹೋದೆ, ಅವಳಿಗೆ ಇಷ್ಟವಾದ ಬೆಲ್ಲದ ತೊಡೆದೇವು ಕಟ್ಟಿಸಿಕೊಂಡು. ನಾನು ಒಳಗೆ ಹೋದಾಗ ಹುಡುಗಿಯರು ಊಟದ ಮನೆಯ ಮುಂದೆ ಸಾಲಾಗಿ ನಿಂತಿದ್ದರು. ಒಂದೇ ಬಣ್ಣದ ಬಟ್ಟೆ. ಎಲ್ಲರ ಕೂದಲೂ ಕತ್ತಿನವರೆಗೆ ಕತ್ತರಿಸಿತ್ತು. ತಲೆ ಬಾಚುವ ಹೊತ್ತು ಉಳಿಯುತ್ತದಂತೆ. ನಾನು ಆ ಸಾಲಿನ ಪಕ್ಕದಲ್ಲಿ ಮುಖಗಳನ್ನು ನೋಡುತ್ತಾ ಕೊನೆಯವರೆಗೆ ಹೋದೆ. ಅರ್ಚಿತಾ ಇರಲಿಲ್ಲ. ಆಫೀಸಿಗೆ ಹೋಗಿ ಕೇಳಿದೆ. ಅವರು ನನ್ನನ್ನು ಅದೇ ಸಾಲಿಗೆ ವಾಪಸ್ ಕರೆತಂದು, ಒಬ್ಬ ಹುಡುಗಿಯ ಹೆಗಲ ಮೇಲೆ ಕೈಯಿಟ್ಟು, "ಇವಳೇ ಅಲ್ವಾ?" ಅಂದರು.

ಅವಳೇ. ನನ್ನ ಮಗಳು. ಹೆತ್ತ ತಾಯಿ ನಾನು, ಒಂದು ಮೊಳ ದೂರದಲ್ಲಿ ಅವಳನ್ನು ದಾಟಿ ಹೋಗಿದ್ದೆ.

ಆದರೆ ನನ್ನ ಎದೆ ಒಡೆದದ್ದು ಅದಕ್ಕಲ್ಲ. ನಾನು ನೋಡಲಿಲ್ಲ, ಸರಿ. ಅವಳು ನನ್ನನ್ನು ನೋಡಿದ್ದಳು! ನಾನು ಬರುವುದನ್ನೂ ನೋಡಿದ್ದಳು, ದಾಟಿ ಹೋಗುವುದನ್ನೂ ನೋಡಿದ್ದಳು. "ಯಾಕೆ ಪುಟ್ಟಿ ಕರೀಲಿಲ್ಲ?" ಎಂದೆ.

"ಸಾಲಲ್ಲಿ ಮಾತಾಡಿದ್ರೆ ಮೈನಸ್ ಆಗುತ್ತಮ್ಮ."

ಕೇಳಿಸಿತೇ ನಿಮಗೆ? ಅಮ್ಮ ಎಂದು ಕರೆದರೆ ಅಂಕ ಕಳೆಯುತ್ತಾರೆ! ನಾನು ಅಲ್ಲೇ ಅವಳನ್ನು ಕರೆದುಕೊಂಡು ಬಂದೆ ಎಂದು ನೀವು ಅಂದುಕೊಂಡಿರಬಹುದು. ಇಲ್ಲ. ಮನೆಗೆ ಬಂದು ಹೇಳಿದಾಗ ಕಮಲಾಕರ, "ಅರ್ಧ ವರ್ಷದಲ್ಲಿ ಬಿಡಿಸಿದ್ರೆ ಬೇರೆ ಎಲ್ಲೂ ತಗೊಳಲ್ಲ, ಒಂದು ವರ್ಷ ಹಾಳಾಗುತ್ತೆ" ಅಂದರು. ಅದು ನಿಜವೂ ಆಗಿತ್ತು. ಅವಳನ್ನೇ ಫೋನಿನಲ್ಲಿ ಕೇಳಿದರೆ, "ಬೇಡಮ್ಮ, ಬಂದ್ರೆ ಎಲ್ರೂ ಏನಂತಾರೆ?" ಅಂದಳು. ಹದಿನಾರರ ಹುಡುಗಿಗೆ ಎಲ್ಲರೂ ಏನಂತಾರೆ ಎಂಬ ಚಿಂತೆ ಎಲ್ಲಿಂದ ಬಂತು? ಆ ಮಾತನ್ನು ಅವಳು ಯಾವ ಸಿಲಬಸ್ಸಿನಲ್ಲಿ ಓದಿದಳು?

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಸಂಕ್ರಾಂತಿ ಆದ ಮೇಲಿನ ಒಂದು ಮಾತು ಹೇಳಿ ಬೇಗ ಮುಂದೆ ಹೋಗುತ್ತೇನೆ. ಇದನ್ನು ಹೇಳಲು ಅರ್ಚಿತಾಳನ್ನು ಕೇಳಿದ್ದೇನೆ. ಅವಳು ಒಪ್ಪಿದ ಮೇಲೆಯೇ ಹೇಳುತ್ತಿದ್ದೇನೆ.

ಒಂದು ಸೋಮವಾರ ಬೆಳಿಗ್ಗೆ ನಾನು ಒಂಬತ್ತನೆಯ ತರಗತಿಗೆ ಸಂಧಿ ಹೇಳಿಕೊಡುತ್ತಿದ್ದೆ. ಬಾಗಿಲಲ್ಲಿ ಸಂಗೀತ ನಿಂತಿದ್ದಳು. ತನ್ನ ಕಾಲೇಜಿಗೆ ಹೋಗಿರಲಿಲ್ಲ. ಅವಳ ಕೈಯಲ್ಲಿ ಒಂದು ಚೀಲ. ಹಿಂದಿನ ದಿನ ದಾವಣಗೆರೆಯಲ್ಲಿ ನೆಂಟರ ಮದುವೆ ಇತ್ತಂತೆ, ದಾರಿಯಲ್ಲಿ ಇಳಿದು, ಗೇಟಿನಲ್ಲಿ ತಾನು ಅರ್ಚಿತಾಳ ತಂಗಿ ಎಂದು ಸುಳ್ಳು ಹೇಳಿ, ಅವಳನ್ನು ನೋಡಿ ಬಂದಿದ್ದಳು.

"ಮೇಡಂ, ಅವಳು ಇವೆಲ್ಲ ನಂಗೆ ಕೊಟ್ಟುಬಿಟ್ಲು" ಎಂದು ಚೀಲ ತೆರೆದಳು. ನಾವು ಹುಟ್ಟುಹಬ್ಬಕ್ಕೆ ಕೊಡಿಸಿದ ವಾಚು. ಸ್ವೆಟರು. ಜೀವಶಾಸ್ತ್ರದ ನೋಟ್ಸು. ನನ್ನ ಅತ್ತೆ ಅವಳಿಗೆ ಕೊಟ್ಟಿದ್ದ ಪುಟ್ಟ ಬೆಳ್ಳಿ ಗಣಪತಿ. "'ನಂಗೆ ಇನ್ನು ಬೇಡ ಕಣೇ, ನೀನಿಟ್ಕೋ' ಅಂದ್ಲು. ನಗ್ತಿದ್ಲು ಮೇಡಂ. ಅದಕ್ಕೇ ಹೆದ್ರಿಕೆ ಆಯ್ತು. ನೀವು ಹೋಗಿ. ಈಗ್ಲೇ ಹೋಗಿ."

ನಾನು ಶಿಕ್ಷಕಿ. ಹದಿಹರೆಯದ ಮಕ್ಕಳ ಮನಸ್ಸಿನ ಬಗ್ಗೆ ಇಲಾಖೆಯ ತರಬೇತಿಯಲ್ಲಿ ಕೂತು ಪ್ರಮಾಣಪತ್ರ ತಂದವಳು. ಅರ್ಥವಾಯಿತು. ಕೈಯಲ್ಲಿದ್ದ ಸೀಮೆಸುಣ್ಣ ಎಲ್ಲಿ ಬಿತ್ತೋ ಗೊತ್ತಿಲ್ಲ. ಸಂಗೀತಳೇ ನನ್ನ ಕೈ ಹಿಡಿದು ಕೋರ್ಟಿಗೆ ಕರೆದುಕೊಂಡು ಹೋದಳು. ಕಮಲಾಕರ ಕರಿಕೋಟಿನಲ್ಲೇ ಕಾರು ಹತ್ತಿದರು. ನಾನೂ ಸಂಗೀತಳೂ ಹಿಂದೆ ಕೂತೆವು. ಕಾಲೇಜಿಗೆ ಫೋನ್ ಮಾಡಿ, ಅವಳ ಪಕ್ಕದಲ್ಲಿ ಯಾರಾದರೂ ಇರಿ, ದಯವಿಟ್ಟು ಒಬ್ಬಳನ್ನೇ ಬಿಡಬೇಡಿ ಎಂದಷ್ಟೇ ಹೇಳಿದ್ದೆವು.

ಪ್ರಿನ್ಸಿಪಾಲರು ಸಜ್ಜನರು. ಕುರ್ಚಿ ಕೊಟ್ಟು, ಟೀ ತರಿಸಿದರು. ಆಮೇಲೆ ಹೇಳಿದರು: "ಶನಿವಾರ ಗ್ರ್ಯಾಂಡ್ ಟೆಸ್ಟ್ ಇದೆ ಮೇಡಂ. ಅದೊಂದು ಮುಗಿಸ್ಲಿ, ಆಮೇಲೆ ಕರ್ಕೊಂಡು ಹೋಗಿ. ಈ ವಯಸ್ಸಲ್ಲಿ ಇದೆಲ್ಲ ಇದ್ದಿದ್ದೇ."

ನಮ್ಮ ಮನೆಯವರು ಇಷ್ಟು ವರ್ಷ ಎಷ್ಟೋ ನ್ಯಾಯಾಧೀಶರ ಮುಂದೆ ವಾದ ಮಾಡಿದ್ದಾರೆ. ಅವತ್ತು ವಾದಕ್ಕೆ ಇಳಿಯಲಿಲ್ಲ. ಕಾರಿನ ಕೀ ತೆಗೆದುಕೊಂಡು ಎದ್ದು ನಿಂತರು. ಬಾಗಿಲ ಹೊರಗೆ ನಿಂತಿದ್ದ ಸಂಗೀತ ಅಷ್ಟು ಹೊತ್ತಿಗೆ ಅರ್ಚಿತಾಳ ಕೈ ಹಿಡಿದು, ಟ್ರಂಕನ್ನು ಅಲ್ಲೇ ಬಿಟ್ಟು, ಕಾರಿನ ಹತ್ತಿರ ನಡೆಸಿಕೊಂಡು ಹೋಗಿ ಆಗಿತ್ತು. ನಾವು ಟೀ ಕುಡಿಯದೆ ಎದ್ದು ಬಂದೆವು.

ದಾರಿಯುದ್ದಕ್ಕೂ ಅರ್ಚಿತಾ ಸಂಗೀತಳ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಮಾಡಿದಳು. ಮನೆಗೆ ಬಂದು, ಊಟ ಮಾಡಿ, ಮತ್ತೆ ನಿದ್ದೆ. ಎಷ್ಟೋ ದಿನಗಳ ಮೇಲೆ, ಅಕ್ಕಿ ಆರಿಸುತ್ತಿದ್ದ ನನ್ನ ಪಕ್ಕ ಬಂದು ಕೂತು, "ಅಮ್ಮಾ, ಅವತ್ತು ಸಂಗೀತ ಬರದೇ ಇದ್ದಿದ್ರೆ…" ಅಂದಳು. ವಾಕ್ಯ ಮುಗಿಸಲಿಲ್ಲ. ವ್ಯಾಕರಣ ಕಲಿಸುವವಳು ನಾನು, ಅಪೂರ್ಣ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವವಳು. ಆ ವಾಕ್ಯವನ್ನು ಪೂರ್ತಿ ಮಾಡು ಎನ್ನಲು ನನಗೆ ಧೈರ್ಯ ಬರಲಿಲ್ಲ. ಅವಳ ಕೈಯನ್ನು ಅಕ್ಕಿಯ ಮೊರದೊಳಗೇ ಹಿಡಿದುಕೊಂಡು ಕೂತೆ.

ನಿಮ್ಮಲ್ಲಿ ಎಷ್ಟೋ ಜನ ಆಗ ನಮ್ಮ ಮನೆಗೆ ಬಂದು ವಿಚಾರಿಸಿದ್ದೀರಿ, ಸೇಬು ತಂದುಕೊಟ್ಟಿದ್ದೀರಿ. ನಾವು ಟೈಫಾಯ್ಡ್ ಎಂದು ಹೇಳಿದ್ದೆವು. ಟೈಫಾಯ್ಡ್ ಆಗಿರಲಿಲ್ಲ. ಶಿವಮೊಗ್ಗದಲ್ಲಿ ಮನೋವೈದ್ಯರ ಹತ್ತಿರ ತೋರಿಸಿದೆವು. ಮಾತ್ರೆ ಕೊಟ್ಟರು, ಮಾತಾಡಿದರು, ಮುಖ್ಯವಾಗಿ ಅವಳ ಮಾತು ಕೇಳಿದರು. ಅವಳು ಗುಣವಾದಳು. ನಮ್ಮ ಮನೆಯವರು ಅಲ್ಲಿ ಕಿಟಕಿಯ ಪಕ್ಕ ಕೂತಿದ್ದಾರೆ, ತಲೆ ತಗ್ಗಿಸಿದ್ದಾರೆ. ತಗ್ಗಿಸಬೇಡಿ. ಜ್ವರ ಬಂದರೆ ಊರಿಗೆಲ್ಲ ಹೇಳುವ ನಾವು ಮನಸ್ಸಿಗೆ ನೋವಾದರೆ ಯಾಕೆ ಇನ್ನೊಂದು ಕಾಯಿಲೆಯ ಹೆಸರು ಸಾಲ ತರಬೇಕು?

ಆ ಜೂನ್‌ನಲ್ಲಿ ಅರ್ಚಿತಾ ಇಲ್ಲಿನ ಸರ್ಕಾರಿ ಕಾಲೇಜಿಗೆ ಮತ್ತೆ ಪ್ರಥಮ ಪಿಯುಸಿಗೇ ಸೇರಿದಳು. ಸಂಗೀತ ಅವಳಿಗಿಂತ ಒಂದು ವರ್ಷ ಮುಂದೆ. ಈಗ ಸಂಗೀತ ದ್ವಿತೀಯ ಪಿಯುಸಿ ಮುಗಿಸಿ ಪಶುವೈದ್ಯ ಸೀಟಿಗಾಗಿ ಕಾಯುತ್ತಿದ್ದಾಳೆ. ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಹನುಮಮ್ಮ ನನ್ನನ್ನು ಕಂಡಾಗಲೆಲ್ಲ, "ಡಾಕ್ಟ್ರು ಆಗ್ಲಿಲ್ಲ ಅಂದ್ರೆ ನಮ್ಮ ಕುರೀಗೆ ಡಾಕ್ಟ್ರು ಆಗಿದಾಳಲ್ರೀ" ಎಂದು ನಗುತ್ತಾರೆ. ಅರ್ಚಿತಾಳಿಗೆ ಡಾಕ್ಟರ್ ಆಗುವುದು ಬೇಡವಂತೆ. ಭೂಗೋಳ ಬೇಕಂತೆ. ಭೂಗೋಳ ಓದಿ ಏನು ಮಾಡುತ್ತಾಳೆ ಎಂದು ನನಗೆ ತಿಳಿಯದು. ಇಷ್ಟು ವರ್ಷ ಅವಳ ಕೋಣೆಯಲ್ಲಿ ನಕ್ಷೆಗಳಿದ್ದವು, ನಾನು ಅವನ್ನು ಗೋಡೆ ಬಿರುಕು ಮುಚ್ಚಲು ಅಂಟಿಸಿದ್ದಾಳೆ ಎಂದುಕೊಂಡಿದ್ದೆ.

ಇಷ್ಟು ಹೇಳಿದ ಮೇಲೆ ನೀವು ನನ್ನಿಂದ ಒಂದು ಉಪದೇಶಕ್ಕೆ ಕಾಯುತ್ತಿರುತ್ತೀರಿ. ವಸತಿ ಕಾಲೇಜು ಕೆಟ್ಟದ್ದು, ಊರಿನ ಕಾಲೇಜು ಒಳ್ಳೆಯದು ಎಂದು. ಹಾಗೆ ಹೇಳಿ ಕೂರಬೇಕೆಂದೇ ನಾನೂ ಮನಸ್ಸು ಮಾಡಿದ್ದೆ. ಆದರೆ ನಮ್ಮ ಮನೆಯಲ್ಲಿ ಇನ್ನೊಬ್ಬನಿದ್ದಾನೆ. ಅಭಿಜ್ಞ, ಅರ್ಚಿತಾಳ ತಮ್ಮ. ಈ ವರ್ಷ ಎಸ್ಸೆಸ್ಸೆಲ್ಸಿ. ಇವತ್ತು ಫಲಕ ತೆಗೆದುಕೊಳ್ಳುವವರಲ್ಲಿ ಅವನೂ ಇದ್ದಾನೆ. ಇವತ್ತು ಬೆಳಿಗ್ಗೆ ದೋಸೆ ತಿನ್ನುತ್ತಾ ತಲೆ ಎತ್ತದೆ ಹೇಳಿದ:

"ಅಮ್ಮ, ನಾನು ಅಲ್ಲಿಗೇ ಹೋಗ್ತೀನಿ. ಅಕ್ಕ ಹೋಗಿದ್ದ ಕಾಲೇಜಿಗೆ."

ದೋಸೆ ಕಾವಲಿಯ ಮೇಲೆ ಸೀದು ಹೋಯಿತು. ಕಮಲಾಕರ, "ಏನೋ ಅಂದೆ?" ಎಂದು ಕೂಗಿದರು. ಅವನು ಅಲುಗಲಿಲ್ಲ. "ನಂಗೆ ಡಾಕ್ಟರ್ ಆಗ್ಬೇಕು. ನಂಗೆ ಬೆಲ್ಲು, ಟೆಸ್ಟು ಎಲ್ಲ ಇಷ್ಟ. ಅಕ್ಕನಿಗೆ ಆಗ್ಲಿಲ್ಲ ಅಂದ್ರೆ ನಂಗೂ ಆಗಲ್ಲ ಅಂತ ನೀವೇ ತೀರ್ಮಾನ ಮಾಡ್ತೀರಾ?"

ಸಭಿಕರೇ, ಏನು ಹೇಳಬೇಕಿತ್ತು ನಾನು? ಬೇಡ ಎಂದರೆ ನಾನು ಚಿದಂಬರ ಭಟ್ಟರ ಮಗಳೇ. ಹೂಂ ಎಂದರೆ, ಒಂದು ಸಲ ಸುಟ್ಟುಕೊಂಡ ಕೈಯನ್ನು ಮತ್ತೆ ಒಲೆಗೆ ಇಟ್ಟ ಹಾಗೆ. ನಾನು ಸಟ್ಟುಗ ಹಿಡಿದು ನಿಂತೇ ಇದ್ದೆ. ಈ ಮೈಕಿನ ಮುಂದೆಯೂ ಹಾಗೆಯೇ ನಿಂತಿದ್ದೇನೆ.

ಆಗ ಅರ್ಚಿತಾ ಒಲೆ ಆರಿಸಿದಳು. ವಾಪಸ್ ಬಂದ ಮೇಲೆ ಆ ಕಾಲೇಜಿನ ಹೆಸರನ್ನು ಒಂದು ಸಲವೂ ಬಾಯಲ್ಲಿ ತಂದವಳಲ್ಲ. ದಾವಣಗೆರೆಯಲ್ಲಿ ಮದುವೆ ಇದ್ದರೂ ಹೋಗುತ್ತಿರಲಿಲ್ಲ, ಆ ದಾರಿ ಎಂದು. ತಮ್ಮನ ಎದುರು ಕೂತು ಅವಳು ಹೇಳಿದಳು: "ನಾಳೆ ನಾನು ನಿನ್ನ ಕರ್ಕೊಂಡು ಹೋಗ್ತೀನಿ. ನಾನು ಇದ್ದ ರೂಮು, ಊಟದ ಸಾಲು, ಎಲ್ಲ ತೋರಿಸ್ತೀನಿ. ನಾನು ಅಳ್ತಾ ಕೂತಿದ್ದ ಜಾಗಾನೂ ತೋರಿಸ್ತೀನಿ. ನೋಡಿದ ಮೇಲೂ ಹೋಗ್ತೀನಿ ಅಂದ್ರೆ ಹೋಗು. ಆದ್ರೆ ಒಂದು. ಸಾಕು ಅನ್ನಿಸಿದ ದಿನ ನಂಗೆ ಫೋನ್ ಮಾಡ್ಬೇಕು. ಅಮ್ಮಂಗಲ್ಲ."

"ನಾನೂ ಬರ್ತೀನಿ" ಎಂದೆ. ಇಬ್ಬರೂ ಒಟ್ಟಿಗೆ, "ಬೇಡ" ಅಂದರು.

ನಾಳೆ ಬೆಳಿಗ್ಗೆ ಅಕ್ಕ ತಮ್ಮ ಇಬ್ಬರೇ ಬಸ್ ಹತ್ತುತ್ತಾರೆ. ಸಂಜೆ ಅವನು ಏನು ಹೇಳುತ್ತಾನೋ ನನಗೆ ಗೊತ್ತಿಲ್ಲ. ಯಾವ ಕಾಲೇಜು ಒಳ್ಳೆಯದು ಎಂದು ಹೇಳಲು ನನ್ನನ್ನು ಇಲ್ಲಿಗೆ ಕರೆಸಿದ ನಿಮ್ಮ ಮುಂದೆ ನನಗೆ ಗೊತ್ತಿಲ್ಲ ಎಂದೇ ಹೇಳಿ ಕೂರುತ್ತಿದ್ದೇನೆ.

ಕೇಳಿಸಿಕೊಂಡ ನಿಮಗೆ, ಗಡಿಯಾರ ನೋಡಿಯೂ ತಡೆಯದ ಅಧ್ಯಕ್ಷರಿಗೆ, ಹಸಿದು ಕೂತ ಈ ಮಕ್ಕಳಿಗೆ ನಾನು ಋಣಿ. ಎಲ್ಲರಿಗೂ ನಮಸ್ಕಾರ.